ಮಹಡಿಯ ಪಿಸಿ, ಹಾಲ್‌ನ ಟಿವಿ: ಕಂಪ್ಯೂಟರ್ ಗೇಮ್‌ಗಳನ್ನು ಸೋಫಾಗೆ ತರುವ ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಗೇಮಿಂಗ್ ಪಿಸಿ ಇರುವುದು ಮಹಡಿ ಮೇಲಿನ ಸಣ್ಣ ರೂಮಿನಲ್ಲಿ. ದೊಡ್ಡ ಟಿವಿ ಇರುವುದು ಕೆಳಗೆ ಹಾಲ್‌ನಲ್ಲಿ. ಏಪ್ರಿಲ್-ಮೇ ಬಂತೆಂದರೆ ಮೇಲೆ ಕೂತು ಆಡುವ ಮಾತೇ ಇಲ್ಲ. ತಾರಸಿಯ ಕಾವು ತಲೆ ಮೇಲೆ, ಪಿಸಿಯ ಬಿಸಿಗಾಳಿ ಕಾಲ ಹತ್ತಿರ. ಪಿಸಿಯನ್ನು ಹಾಲ್‌ಗೆ ಇಳಿಸೋಣವೆಂದರೆ ಮನೆಯವರು ಬಿಡುವುದಿಲ್ಲ. ಟಿವಿಯನ್ನು ಮೇಲಕ್ಕೆ ಒಯ್ಯುತ್ತೇನೆ ಎಂದರೆ ಅಂದು ರಾತ್ರಿ ಊಟ ಸಿಗುವುದು ಕಷ್ಟ.

ಉಳಿದ ದಾರಿ ಒಂದೇ. ಗೇಮ್ ಮೇಲೆ ಓಡಲಿ, ಚಿತ್ರ ಮಾತ್ರ ಕೆಳಗೆ ಬರಲಿ. ಇದಕ್ಕೆ ಬೇಕಾದ ಸಾಫ್ಟ್‌ವೇರ್ ಪೂರ್ತಿ ಉಚಿತ. ಅದನ್ನು ಹಾಕುವುದು ಅರ್ಧ ಗಂಟೆಯ ಕೆಲಸ. ಆದರೂ ಮೊದಲ ದಿನ ನಾನು ಕಂಡದ್ದು ಚೌಕ ಚೌಕವಾಗಿ ಒಡೆಯುವ ಚಿತ್ರ, ಬಟನ್ ಒತ್ತಿ ಒಂದು ಗಳಿಗೆ ಆದಮೇಲೆ ನೆಗೆಯುವ ಹೀರೋ. ಆಪ್ ಓಡಿಸಲು ಟಿವಿಗೆ ಸಿಕ್ಕಿಸಿದ ಸ್ಟಿಕ್ ಸರಿಯಿಲ್ಲ ಎಂದುಕೊಂಡು ಹೊಸದು ತರಲು ಹೊರಟಿದ್ದೆ. ತಪ್ಪು ಸ್ಟಿಕ್‌ನದಲ್ಲ. ಪಿಸಿಯಿಂದ ರೂಟರ್‌ಗೆ ಒಂದು ಕೇಬಲ್ ಎಳೆದ ದಿನವೇ ಮುಕ್ಕಾಲು ಪಾಲು ತೊಂದರೆ ಹೋಯಿತು. ಅದಕ್ಕೇ ಈ ಬರಹದಲ್ಲಿ ಸಾಫ್ಟ್‌ವೇರ್‌ಗಿಂತ ಮೊದಲು ಕೇಬಲ್ ಬರುತ್ತದೆ.

ಒಳಗೆ ನಡೆಯುವುದೇನು

ಪಿಸಿ ಎಂದಿನಂತೆ ಗೇಮ್ ಓಡಿಸುತ್ತದೆ. ಮೂಡಿದ ಒಂದೊಂದು ಫ್ರೇಮನ್ನೂ (ಬಿಡಿ ಚಿತ್ರವನ್ನೂ) ಗ್ರಾಫಿಕ್ಸ್ ಕಾರ್ಡ್‌ನಲ್ಲಿರುವ ಎನ್‌ಕೋಡರ್ ಕುಗ್ಗಿಸಿ ವಿಡಿಯೋ ಮಾಡುತ್ತದೆ. ಅದು ರೂಟರ್ ದಾಟಿ ಟಿವಿಗೆ ಬರುತ್ತದೆ. ಟಿವಿ ಅದನ್ನು ಬಿಡಿಸಿ ತೋರಿಸುತ್ತದೆ. ನೀವು ಒತ್ತಿದ ಬಟನ್ ಅದೇ ದಾರಿಯಲ್ಲಿ ಮೇಲಕ್ಕೆ ವಾಪಸ್ ಹೋಗುತ್ತದೆ.

"ಯೂಟ್ಯೂಬ್ ಚೆನ್ನಾಗೇ ಓಡುತ್ತೆ, ಇದಕ್ಕೇನು ಧಾಡಿ?" ಎಂದು ಎಲ್ಲರೂ ಕೇಳುತ್ತಾರೆ. ಯೂಟ್ಯೂಬ್ ಮುಂದಿನ ಅರ್ಧ ನಿಮಿಷದ ವಿಡಿಯೋವನ್ನು ಮೊದಲೇ ತಂದಿಟ್ಟುಕೊಳ್ಳಬಹುದು. ನಡುವೆ ಎರಡು ಸೆಕೆಂಡ್ ವೈಫೈ ಹೋದರೂ ನಿಮಗೆ ಗೊತ್ತಾಗುವುದಿಲ್ಲ. ಗೇಮ್‌ನಲ್ಲಿ ಮುಂದಿನ ಫ್ರೇಮ್ ಇನ್ನೂ ಹುಟ್ಟಿಯೇ ಇರುವುದಿಲ್ಲ. ನೀವು ಯಾವ ಬಟನ್ ಒತ್ತುತ್ತೀರಿ ಎಂದು ಕಾಯುತ್ತಿರುತ್ತದೆ. ಹಾಗಾಗಿ ಇಲ್ಲಿ ವೇಗಕ್ಕಿಂತ ಮುಖ್ಯವಾದದ್ದು, ಒಂದೇ ಸಮನೆ ಬರುವುದು.

ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮ್‌ಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. ದಾರಿಯಲ್ಲಿ ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ ತಡವಾಗಿ ಒಟ್ಟು 50 ಮಿಲಿಸೆಕೆಂಡ್ ಆಯಿತು ಎಂದಿಟ್ಟುಕೊಳ್ಳಿ. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಅಷ್ಟರಲ್ಲಿ ಸುಮಾರು 2 ಮೀಟರ್ ಮುಂದೆ ಬಂದಿರುತ್ತದೆ. ಕ್ರಿಕೆಟ್ ಗೇಮ್‌ನಲ್ಲಿ ಸ್ಟಂಪ್ ಹಾರುವುದಕ್ಕೆ ಅಷ್ಟು ಸಾಕು. ಕಥೆಯ ಗೇಮ್, ತಂತ್ರದ ಗೇಮ್, ಕಾರ್ ರೇಸ್‌ಗಳಲ್ಲಿ ಅಷ್ಟು ತಡ ಕಾಡುವುದಿಲ್ಲ. ಆನ್‌ಲೈನ್ ಶೂಟಿಂಗ್ ಆಡುವವರಿಗೆ ಮಾತ್ರ ನನ್ನ ಸಲಹೆ ಒಂದೇ: ಮೇಲೆ ಹೋಗಿ ಮಾನಿಟರ್ ಮುಂದೆ ಕೂತು ಆಡಿ.

ಇನ್ನೊಂದು ಅನುಮಾನವನ್ನೂ ಇಲ್ಲೇ ತೀರಿಸಿಬಿಡೋಣ. ಇದಕ್ಕೆ ಇಂಟರ್‌ನೆಟ್ ಡೇಟಾ ಖರ್ಚಾಗುವುದಿಲ್ಲ. 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್) ವಿಡಿಯೋ ಗಂಟೆಗೆ ಸುಮಾರು 9 ಜಿಬಿ ಆಗುತ್ತದೆ ನಿಜ. ಆದರೆ ಅದು ನಿಮ್ಮ ರೂಟರ್‌ವರೆಗೆ ಬಂದು ಅಲ್ಲಿಂದಲೇ ತಿರುಗುತ್ತದೆ, ಮನೆ ದಾಟುವುದಿಲ್ಲ. 40 ಎಂಬಿಪಿಎಸ್‌ನ ಅಗ್ಗದ ಪ್ಲಾನ್ ಇದ್ದರೂ 100 ಎಂಬಿಪಿಎಸ್‌ನಲ್ಲಿ ಮನೆಯೊಳಗೆ ಸ್ಟ್ರೀಮ್ ಮಾಡಬಹುದು.

ಏನೇನು ಬೇಕು

ಪಿಸಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎನ್ವಿಡಿಯಾದ ಜಿಟಿಎಕ್ಸ್ 900 ಸರಣಿಯಿಂದ ಈಚಿನ ಕಾರ್ಡ್ ಇದ್ದರೆ ಆರಾಮು. ಎಎಂಡಿ ಕಾರ್ಡ್‌ಗಳಲ್ಲೂ ಎನ್‌ಕೋಡರ್ ಇದೆ, ಇಂಟೆಲ್ ಪ್ರೊಸೆಸರ್‌ಗಳ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಎಂಬ ಎನ್‌ಕೋಡರ್ ಇದೆ. ಗೇಮ್ ಓಡಿಸುವಷ್ಟು ಶಕ್ತಿ ಇರುವ ಪಿಸಿಗೆ ಸ್ಟ್ರೀಮ್ ಮಾಡುವ ಶಕ್ತಿಯೂ ಇರುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಆಡಿ, ಬ್ಯಾಟರಿಯಲ್ಲಿ ಅದು ತನ್ನ ವೇಗವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಮುಚ್ಚಳ ಮುಚ್ಚಿದರೆ ಮಲಗದಂತೆ ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಹೇಳಿಡಿ. ಹಾಗೆಂದು ಹಾಸಿಗೆ ಮೇಲೆ ಮುಚ್ಚಿಟ್ಟು ಬರಬೇಡಿ. ಗಾಳಿ ಆಡುವ ಮೇಜಿನ ಮೇಲಿರಲಿ.

ಟಿವಿ ಆಂಡ್ರಾಯ್ಡ್ ಅಥವಾ ಗೂಗಲ್ ಟಿವಿ ಆಗಿದ್ದರೆ ಬೇರೇನೂ ಕೊಳ್ಳದೆ ಶುರು ಮಾಡಬಹುದು. ಬೇರೆ ಬಗೆಯ ಟಿವಿಯಾದರೆ ಆಂಡ್ರಾಯ್ಡ್ ಓಡಿಸುವ ಸ್ಟಿಕ್ ಅಥವಾ ಬಾಕ್ಸ್, ಆಪಲ್ ಟಿವಿ, ಇಲ್ಲವೇ ಮನೆಯಲ್ಲಿ ಧೂಳು ಹಿಡಿದಿರುವ ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಸಾಕು. ಹಳೆಯ ಲ್ಯಾಪ್‌ಟಾಪ್ ಒಂದನ್ನು ಎಚ್‌ಡಿಎಂಐ ಮೂಲಕ ಟಿವಿಗೆ ಜೋಡಿಸಿದರೂ ನಡೆಯುತ್ತದೆ. ವಿಡಿಯೋ ಬಿಡಿಸುವುದರಲ್ಲಿ ಎಷ್ಟೋ ಟಿವಿಗಳ ಒಳಗಿನ ಚಿಪ್‌ಗಿಂತ ಅದೇ ಚುರುಕು.

ಪಿಸಿ ಮತ್ತು ಟಿವಿಯ ನಡುವೆ ಬರೀ ಒಂದು ಗೋಡೆ ಇದ್ದರೆ? ಆಗ ಈ ಬರಹ ಮುಚ್ಚಿಟ್ಟು ಒಂದು ಎಚ್‌ಡಿಎಂಐ ಕೇಬಲ್ ತನ್ನಿ. 5 ಮೀಟರ್ ಒಳಗಿನ ಒಳ್ಳೆಯ ಕೇಬಲ್‌ನಷ್ಟು ಚೊಕ್ಕ ಚಿತ್ರವನ್ನು ಯಾವ ಸ್ಟ್ರೀಮಿಂಗೂ ಕೊಡುವುದಿಲ್ಲ. ಅದಕ್ಕಿಂತ ಉದ್ದವಾದರೆ 4ಕೆ ಚಿತ್ರಕ್ಕೆ ಸಾಮಾನ್ಯ ತಾಮ್ರದ ಕೇಬಲ್ ತಕರಾರು ತೆಗೆಯಲು ಶುರು ಮಾಡುತ್ತದೆ. ಆಗ ಆಪ್ಟಿಕಲ್ ಎಚ್‌ಡಿಎಂಐ ಬೇಕು, ಅದು ದುಬಾರಿ.

ಮೊದಲು ಕೇಬಲ್

ಪಿಸಿಯೂ ವೈಫೈ, ಟಿವಿಯೂ ವೈಫೈ ಆದರೆ ಒಂದೇ ಫ್ರೇಮ್ ಗಾಳಿಯಲ್ಲಿ ಎರಡು ಸಲ ಹೋಗಬೇಕು. ಪಿಸಿಯಿಂದ ರೂಟರ್‌ಗೆ ಒಮ್ಮೆ, ರೂಟರ್‌ನಿಂದ ಟಿವಿಗೆ ಇನ್ನೊಮ್ಮೆ. ವೈಫೈನಲ್ಲಿ ಒಂದು ಚಾನೆಲ್ ಮೇಲೆ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಉಳಿದವರು ಕಾಯಬೇಕು. ಮನೆಯಲ್ಲಿ ಆರು ಫೋನ್ ಇದ್ದರೆ ಅವೂ ಅದೇ ಸಾಲಿನಲ್ಲಿ ನಿಂತಿರುತ್ತವೆ. ಪಿಸಿಯ ಕಡೆಯದನ್ನು ಕೇಬಲ್‌ಗೆ ಹಾಕಿದರೆ ಗಾಳಿಯ ಕೆಲಸ ಒಂದೇ ಏಟಿಗೆ ಅರ್ಧ ಆಗುತ್ತದೆ. ಟಿವಿ ವೈಫೈನಲ್ಲೇ ಉಳಿದರೂ ಪರವಾಗಿಲ್ಲ.

ಕೇಬಲ್ ಎಂದರೆ ಕ್ಯಾಟ್ 5ಇ ಅಥವಾ ಕ್ಯಾಟ್ 6. ಎರಡೂ 100 ಮೀಟರ್‌ವರೆಗೆ ಗಿಗಾಬಿಟ್ ವೇಗ ಕೊಡುತ್ತವೆ, ಮನೆಯೊಳಗೆ ಯಾವುದಾದರೂ ಸರಿ. ಕೊಳ್ಳುವಾಗ ಒಳಗಿನ ತಂತಿ ಪೂರ್ತಿ ತಾಮ್ರವೇ ಎಂದು ಕೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದ ಅಗ್ಗದ ಮಾಲು ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಅದು ಸಲೀಸಾಗಿ ಮುರಿಯುತ್ತದೆ, ಕನೆಕ್ಟರ್ ಹತ್ತಿರ ಸಡಿಲವಾಗುತ್ತದೆ.

ಗೋಡೆ ಒಡೆಯದೆ ಎಳೆಯುವುದು ಹೇಗೆ? ನಮ್ಮ ಮನೆಗಳಲ್ಲಿ ಒಂದು ಉಪಾಯ ಮೊದಲೇ ಸಿದ್ಧವಾಗಿರುತ್ತದೆ. ತಾರಸಿಯ ಡಿಶ್‌ನಿಂದ ಹಾಲ್‌ಗೆ ಕಪ್ಪು ಕೇಬಲ್ ಇಳಿದಿರುತ್ತದಲ್ಲ, ಅದರ ತೂತು. ನಮ್ಮ ಮನೆಯ ಡಿಶ್ ಕೆಲಸ ನಿಲ್ಲಿಸಿ ಎರಡು ವರ್ಷವಾಗಿತ್ತು. ಹಳೆಯ ಕೇಬಲ್‌ನ ಮೇಲಿನ ತುದಿಗೆ ಹೊಸ ಕ್ಯಾಟ್ 6 ಕೇಬಲ್ ಇಟ್ಟು, ಇನ್ಸುಲೇಶನ್ ಟೇಪ್ ಬಿಗಿಯಾಗಿ ಸುತ್ತಿದೆವು. ನಾನು ಮೇಲಿನಿಂದ ಬಿಡುತ್ತಾ ಹೋದೆ, ಕೆಳಗೆ ತಮ್ಮ ಹಳೆಯದನ್ನು ಎಳೆಯುತ್ತಾ ಹೋದ. ಎರಡು ಕಡೆ ಸಿಕ್ಕಿಕೊಂಡಿತು. ಟೇಪ್ ಸುತ್ತಿದ ಗಂಟಿಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಸವರಿದ ಮೇಲೆ ಜಾರಿತು. ಇಲ್ಲಿ ನೆನಪಿಡಬೇಕಾದ್ದು: ಕೇಬಲ್ ತುದಿಗೆ ಪ್ಲಾಸ್ಟಿಕ್ ಕನೆಕ್ಟರ್ ಇಲ್ಲದೆಯೇ ತನ್ನಿ. ಕನೆಕ್ಟರ್ ಇದ್ದರೆ ತೂತಿನಲ್ಲಿ ಹಿಡಿಯುವುದಿಲ್ಲ. ಎಳೆದಾದ ಮೇಲೆ ಕಂಪ್ಯೂಟರ್ ಅಂಗಡಿಯವರನ್ನು ಕರೆದು ಎರಡೂ ತುದಿಗೆ ಕನೆಕ್ಟರ್ ಕ್ರಿಂಪ್ ಮಾಡಿಸಿ, ಅಂದರೆ ಒತ್ತಿ ಕೂರಿಸಿ.

ಎಲೆಕ್ಟ್ರಿಷಿಯನ್‌ಗೆ ಹೇಳಿದರೆ "ಕರೆಂಟ್ ಪೈಪ್‌ನಲ್ಲೇ ಹಾಕಿಬಿಡ್ತೀನಿ ಸಾರ್" ಎನ್ನಬಹುದು. ಬೇಡ ಎನ್ನಿ. 230 ವೋಲ್ಟ್ ವೈರ್ ಜೊತೆ ಒಂದೇ ಪೈಪ್‌ನಲ್ಲಿ ಡೇಟಾ ಕೇಬಲ್ ಹಾಕುವುದು ಅಪಾಯ. ಸಿಗ್ನಲ್‌ಗೂ ಒಳ್ಳೆಯದಲ್ಲ.

ಟಿವಿಯ ಕಡೆಗೆ ಒಂದು ಸೋಜಿಗವಿದೆ. ದುಬಾರಿ ಟಿವಿಗಳಲ್ಲೂ ಲ್ಯಾನ್ ಪೋರ್ಟ್ (ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗ) ಸಾಮಾನ್ಯವಾಗಿ 100 ಎಂಬಿಪಿಎಸ್‌ನದೇ ಇರುತ್ತದೆ. ಗೇಮ್ ಸ್ಟ್ರೀಮ್‌ಗೆ ಅದು ಧಾರಾಳ. ಫುಲ್ ಎಚ್‌ಡಿಗೆ 20ರಿಂದ 30 ಎಂಬಿಪಿಎಸ್ ಸಾಕು. ಆದ್ದರಿಂದ ರೂಟರ್ ಟಿವಿ ಪಕ್ಕದಲ್ಲೇ ಇದ್ದರೆ ವೈಫೈ ವೇಗ ಹೆಚ್ಚು ತೋರಿಸಿದರೂ ಕೇಬಲನ್ನೇ ಹಾಕಿ.

ಕೇಬಲ್ ಆಗುವುದೇ ಇಲ್ಲವೆಂದರೆ ಕರೆಂಟ್ ವೈರ್ ಮೇಲೆಯೇ ಡೇಟಾ ಕಳಿಸುವ ಪವರ್‌ಲೈನ್ ಅಡಾಪ್ಟರ್‌ಗಳಿವೆ. ಮೂರು ಫೇಸ್ ಇರುವ ಮನೆಯಲ್ಲಿ ಎರಡು ರೂಮು ಬೇರೆ ಬೇರೆ ಫೇಸ್‌ನಲ್ಲಿದ್ದರೆ ಅವು ಒಂದನ್ನೊಂದು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ವಾಪಸ್ ಕೊಡಲು ಆಗುವ ಅಂಗಡಿಯಿಂದಷ್ಟೇ ತನ್ನಿ.

ವೈಫೈ ಉಳಿದ ಕಡೆ

ಟಿವಿ 5 ಗಿಗಾಹರ್ಟ್ಸ್ ವೈಫೈಗೆ ಸೇರಿರಲೇಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಇರುತ್ತಾರೆ, ಮೈಕ್ರೋವೇವ್ ಇರುತ್ತದೆ, ನಿಮ್ಮ ಬ್ಲೂಟೂತ್ ಕಂಟ್ರೋಲರೂ ಅಲ್ಲೇ ಇರುತ್ತದೆ. ರೂಟರ್‌ನಲ್ಲಿ ಎರಡಕ್ಕೂ ಒಂದೇ ಹೆಸರಿದ್ದರೆ ಬೇರೆ ಬೇರೆ ಹೆಸರು ಕೊಡಿ. ಇಲ್ಲದಿದ್ದರೆ ಟಿವಿ ಯಾವುದಕ್ಕೆ ಸೇರಿದೆ ಎಂದೇ ಗೊತ್ತಾಗುವುದಿಲ್ಲ. 5 ಗಿಗಾಹರ್ಟ್ಸ್ ಕಾಂಕ್ರೀಟ್ ಗೋಡೆ, ಆರ್‌ಸಿಸಿ ಚಾವಣಿ ದಾಟುವುದರಲ್ಲಿ ಹಿಂದೆ. ರೂಟರ್ ಹಾಲ್‌ನಲ್ಲೇ ಇದ್ದು, ಕೇಬಲ್ ಮೇಲಕ್ಕೆ ಹೋದರೆ ಈ ತೊಂದರೆಯೇ ಇಲ್ಲ. ಸ್ಟಿಕ್ ಟಿವಿಯ ಬೆನ್ನಿಗೆ ಅಂಟಿಕೊಂಡಂತೆ ಇದ್ದರೆ ಜೊತೆಗೆ ಬರುವ ತುಂಡು ಎಚ್‌ಡಿಎಂಐ ವೈರ್ ಬಳಸಿ ಈಚೆಗೆ ತನ್ನಿ. ಟಿವಿಯ ಲೋಹದ ಬೆನ್ನು ಸಿಗ್ನಲ್ ತಡೆಯುತ್ತದೆ.

ಈಗ ಪರೀಕ್ಷೆ. ಟಿವಿಯ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಐಪಿ ವಿಳಾಸ ನೋಡಿಕೊಳ್ಳಿ. ಪಿಸಿಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಆ ವಿಳಾಸಕ್ಕೆ ಎರಡು ನಿಮಿಷ ಪಿಂಗ್ ಮಾಡಿ (ping -t ಎಂದು ಬರೆದು ಮುಂದೆ ವಿಳಾಸ). ಒಂದು ಪುಟ್ಟ ಸಂದೇಶ ಟಿವಿಗೆ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಅದು ಹೇಳುತ್ತದೆ. 2, 3, 2, 4, 3 ಎಂದು ಬರುತ್ತಿದ್ದರೆ ಸೈ. 2, 3, 85, 2, 140, 3 ಎಂದು ಬಂದರೆ ಸರಾಸರಿ ಎಷ್ಟೇ ಚೆಂದ ಇರಲಿ, ಆಟ ಜರ್ಕ್ ಹೊಡೆಯುತ್ತದೆ. ಸ್ಪೀಡ್ ಟೆಸ್ಟ್‌ನಲ್ಲಿ 200 ಎಂಬಿಪಿಎಸ್ ಬಂತು ಎಂದು ಖುಷಿಪಡುವವರು ಈ ಪಿಂಗ್ ನೋಡುವುದೇ ಇಲ್ಲ.

ಪಿಂಗ್‌ಗೆ ಉತ್ತರವೇ ಬಾರದಿದ್ದರೆ ಎರಡೂ ಐಪಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು 192.168.1 ಎಂದು, ಇನ್ನೊಂದು 192.168.29 ಎಂದು ಶುರುವಾಗುತ್ತಿದ್ದರೆ ನಿಮ್ಮ ಮನೆಯಲ್ಲಿ ಎರಡು ರೂಟರ್ ಇವೆ ಎಂದು ಅರ್ಥ. ಫೈಬರ್ ಕಂಪನಿಯವರು ಕೊಟ್ಟದ್ದು ಒಂದು, ನೀವು ತಂದದ್ದು ಒಂದು. ಪಿಸಿ ಒಂದರಲ್ಲಿ, ಟಿವಿ ಇನ್ನೊಂದರಲ್ಲಿ ಸೇರಿದೆ. ನಿಮ್ಮ ರೂಟರ್‌ ಅನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈಫೈ ಕೊಡುವ ಕೆಲಸಕ್ಕೆ) ಹಾಕಿದರೆ ಎರಡೂ ಒಂದೇ ಮನೆಯವರಾಗುತ್ತವೆ. ಟಿವಿ ಗೆಸ್ಟ್ ವೈಫೈನಲ್ಲಿದ್ದರೂ ಇದೇ ಕಥೆ. ಗೆಸ್ಟ್‌ನಲ್ಲಿರುವ ಸಾಧನಕ್ಕೆ ಮನೆಯ ಬೇರೆ ಸಾಧನ ಕಾಣಿಸಬಾರದು ಎಂದೇ ಅದನ್ನು ಮಾಡಿರುವುದು.

ವಿಂಡೋಸ್‌ನಲ್ಲಿ ಒಂದು ಗುಂಡಿ ಒತ್ತುವುದು ಬಾಕಿ ಇದೆ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ನಿಮ್ಮ ಸಂಪರ್ಕ ಪಬ್ಲಿಕ್ ಎಂದಿದ್ದರೆ ಪ್ರೈವೇಟ್ ಮಾಡಿ. ಪಬ್ಲಿಕ್ ಇದ್ದಾಗ ಫೈರ್‌ವಾಲ್ ಪಿಸಿಯನ್ನು ಬೇರೆಯವರಿಗೆ ಕಾಣದಂತೆ ಬಚ್ಚಿಡುತ್ತದೆ. ಟಿವಿಯೂ ಅದರ ಲೆಕ್ಕದಲ್ಲಿ ಬೇರೆಯವರೇ.

ಸುಲಭದ ದಾರಿ: ಸ್ಟೀಮ್ ಲಿಂಕ್

ನಿಮ್ಮ ಗೇಮ್‌ಗಳೆಲ್ಲ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿದ್ದರೆ ಇಲ್ಲಿಂದ ಶುರು ಮಾಡಿ. ಸ್ಟೀಮ್ ಈ ಸೌಲಭ್ಯವನ್ನು 2014ರಲ್ಲೇ ತಂದಿತು. 2015ರಲ್ಲಿ ಇದಕ್ಕೆಂದೇ ಸ್ಟೀಮ್ ಲಿಂಕ್ ಎಂಬ ಪುಟ್ಟ ಪೆಟ್ಟಿಗೆ ಮಾರಿತು, 2018ರಲ್ಲಿ ನಿಲ್ಲಿಸಿತು. ಈಗ ಅದೇ ಹೆಸರಿನ ಆಪ್ ಇದೆ.

ಪಿಸಿಯಲ್ಲಿ ಸ್ಟೀಮ್ ಸೆಟ್ಟಿಂಗ್ಸ್ ತೆರೆದು ರಿಮೋಟ್ ಪ್ಲೇ ಆನ್ ಮಾಡಿ. ಟಿವಿಯಲ್ಲಿ ಸ್ಟೀಮ್ ಲಿಂಕ್ ಆಪ್ ಹಾಕಿ ತೆರೆಯಿರಿ. ಪಿಸಿಯ ಹೆಸರು ತಾನಾಗಿ ಕಾಣಿಸುತ್ತದೆ. ಆರಿಸಿದರೆ ಟಿವಿ ಪರದೆಯಲ್ಲಿ ನಾಲ್ಕು ಅಂಕಿಯ ಪಿನ್ ಬರುತ್ತದೆ, ಅದನ್ನು ಪಿಸಿಯಲ್ಲಿ ಒತ್ತಿ. ಅಷ್ಟೇ. ಮೊದಲ ಸಲ ಆಡಿಯೋ ಡ್ರೈವರ್ ಹಾಕಬೇಕೆಂದು ಪಿಸಿಯ ಪರದೆಯಲ್ಲೇ ಒಂದು ಕಿಟಕಿ ತೆರೆಯಬಹುದು. ಕೆಳಗಿರುವ ನಿಮಗೆ ಕಪ್ಪು ಪರದೆ ಬಿಟ್ಟು ಏನೂ ಕಾಣದು. ಹಾಗಾಗಿ ಮೊದಲ ಪ್ರಯೋಗಕ್ಕೆ ಮಹಡಿಯಲ್ಲಿ ಒಬ್ಬರನ್ನು ನಿಲ್ಲಿಸಿ, ಇಲ್ಲವೇ ಮೆಟ್ಟಿಲು ಹತ್ತಿ ಇಳಿಯಲು ತಯಾರಿರಿ.

ಆಪ್‌ನಲ್ಲಿ ಫಾಸ್ಟ್, ಬ್ಯಾಲೆನ್ಸ್ಡ್, ಬ್ಯೂಟಿಫುಲ್ ಎಂಬ ಮೂರು ಗುಣಮಟ್ಟಗಳಿವೆ. ಬ್ಯಾಲೆನ್ಸ್ಡ್ ಸಾಕು. ಸ್ಟೀಮ್ ಹೊರಗಿನ ಗೇಮ್‌ಗಳನ್ನೂ ಲೈಬ್ರರಿಗೆ ಸೇರಿಸಿ ಹೀಗೆ ಆಡಬಹುದು. ಆದರೆ ಕೆಲವು ಗೇಮ್ ಬೇರೊಂದು ಲಾಂಚರ್ (ಗೇಮ್ ಶುರು ಮಾಡುವ ಆಪ್) ತೆರೆದು ಅಲ್ಲಿ ಲಾಗಿನ್ ಕೇಳುತ್ತವೆ. ಆಗ ಸೋಫಾದಲ್ಲಿ ಕೂತವರಿಗೆ ಕಿರಿಕಿರಿ.

ನನ್ನ ಆಯ್ಕೆ: ಸನ್‌ಶೈನ್ ಮತ್ತು ಮೂನ್‌ಲೈಟ್

ಎನ್ವಿಡಿಯಾ ತನ್ನ ಗೇಮ್‌ಸ್ಟ್ರೀಮ್ ಎಂಬ, ಗೇಮ್ ಚಿತ್ರವನ್ನು ಬೇರೆ ಪರದೆಗೆ ಕಳಿಸುವ ಸೌಲಭ್ಯವನ್ನು ತನ್ನದೇ ಶೀಲ್ಡ್ ಸಾಧನಗಳಿಗೆ ಮೀಸಲಿಟ್ಟಿತ್ತು. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಅದರ ಒಳಗುಟ್ಟು ಬಿಡಿಸಿ, ಯಾವ ಫೋನ್‌ನಲ್ಲಾದರೂ ಓಡುವ ಆಪ್ ಬರೆದರು. ಅದೇ ಮೂನ್‌ಲೈಟ್. 2023ರಲ್ಲಿ ಎನ್ವಿಡಿಯಾ ಗೇಮ್‌ಸ್ಟ್ರೀಮ್ ನಿಲ್ಲಿಸಿತು. ಪಿಸಿಯ ಕಡೆ ಅದರ ಜಾಗವನ್ನು ಸನ್‌ಶೈನ್ ತುಂಬಿದೆ. ಎರಡೂ ಓಪನ್ ಸೋರ್ಸ್. ಎಎಂಡಿ, ಇಂಟೆಲ್ ಕಾರ್ಡ್‌ಗಳಿಗೂ ಆಗುತ್ತದೆ. ಜಿಫೋರ್ಸ್ ಎಕ್ಸ್‌ಪೀರಿಯೆನ್ಸ್ ತೆರೆದು ಗೇಮ್‌ಸ್ಟ್ರೀಮ್ ಆನ್ ಮಾಡಿ ಎನ್ನುವ ಹಳೆಯ ವಿಡಿಯೋಗಳು ಇನ್ನೂ ಸಿಗುತ್ತವೆ. ಅವನ್ನು ಬಿಟ್ಟುಬಿಡಿ.

1. ಗಿಟ್‌ಹಬ್‌ನಲ್ಲಿ ಲಿಜರ್ಡ್‌ಬೈಟ್ ಎಂಬ ಹೆಸರಿನಡಿ ಸನ್‌ಶೈನ್ ಇದೆ. ವಿಂಡೋಸ್‌ನ ಇನ್‌ಸ್ಟಾಲರ್ ಇಳಿಸಿಕೊಂಡು ಹಾಕಿ. ಬೇರೆ ಜಾಲತಾಣದಿಂದ ಬೇಡ.

2. ಪಿಸಿಯ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ವಿಳಾಸದ 47990 ಪೋರ್ಟ್ ತೆರೆಯಿರಿ, ಎಚ್‌ಟಿಟಿಪಿಎಸ್ ಹಾಕಿಯೇ: https://localhost:47990. ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸುತ್ತದೆ. ಸರ್ಟಿಫಿಕೇಟನ್ನು ನಿಮ್ಮ ಪಿಸಿಯೇ ಬರೆದುಕೊಂಡಿರುವುದರಿಂದ ಹಾಗೆ. ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಿ. ಯೂಸರ್‌ನೇಮ್, ಪಾಸ್‌ವರ್ಡ್ ಹೊಸದಾಗಿ ಇಟ್ಟುಕೊಳ್ಳಿ.

3. ಟಿವಿಯಲ್ಲಿ ಮೂನ್‌ಲೈಟ್ ಆಪ್ ಹಾಕಿ. ಪಿಸಿಯ ಚಿತ್ರ ಬೀಗದ ಗುರುತಿನೊಂದಿಗೆ ಕಾಣಿಸುತ್ತದೆ. ಅದನ್ನು ಒತ್ತಿದರೆ ನಾಲ್ಕು ಅಂಕಿಯ ಪಿನ್. ಅದನ್ನು ಸನ್‌ಶೈನ್ ಪುಟದ ಪಿನ್ ವಿಭಾಗದಲ್ಲಿ ಹಾಕಿ. ಪಿಸಿ ಕಾಣದಿದ್ದರೆ ಕೂಡಿಸುವ (+) ಗುರುತು ಒತ್ತಿ ಐಪಿ ವಿಳಾಸ ಕೊಡಿ.

4. ಡೆಸ್ಕ್‌ಟಾಪ್, ಸ್ಟೀಮ್ ಬಿಗ್ ಪಿಕ್ಚರ್ ಎಂಬ ಆಯ್ಕೆಗಳು ಮೊದಲೇ ಇರುತ್ತವೆ. ಬೇರೆ ಗೇಮ್ ಬೇಕಾದರೆ ಅಪ್ಲಿಕೇಶನ್ಸ್ ವಿಭಾಗದಲ್ಲಿ ಅದರ ಇಎಕ್ಸ್‌ಇ ಫೈಲ್‌ನ ಜಾಗ ಹೇಳಿ ಸೇರಿಸಿ.

ಕಂಟ್ರೋಲರ್ ಒತ್ತಿದರೂ ಗೇಮ್ ಅಲುಗಾಡದಿದ್ದರೆ ಪಿಸಿಯಲ್ಲಿ ವಿಜೆಮ್‌ಬಸ್ ಎಂಬ ಡ್ರೈವರ್ ಇದೆಯೇ ನೋಡಿ. ಕೆಳಗಿನ ಕಂಟ್ರೋಲರ್ ಮೇಲಿನ ಪಿಸಿಗೆ ಎಕ್ಸ್‌ಬಾಕ್ಸ್ ಕಂಟ್ರೋಲರ್ ಆಗಿ ಕಾಣುವುದು ಅದರಿಂದಲೇ.

ಮೂನ್‌ಲೈಟ್ ಸೆಟ್ಟಿಂಗ್‌ನಲ್ಲಿ 1080ಪಿ (ಫುಲ್ ಎಚ್‌ಡಿ), 60 ಎಫ್‌ಪಿಎಸ್ (ಸೆಕೆಂಡಿಗೆ 60 ಫ್ರೇಮ್), 20 ಎಂಬಿಪಿಎಸ್ ಬಿಟ್‌ರೇಟ್ ಇಟ್ಟು ಶುರು ಮಾಡಿ. 32 ಇಂಚಿನ ಎಚ್‌ಡಿ ರೆಡಿ ಟಿವಿಯಾದರೆ ಅದರ ಪರದೆಯೇ 1366×768. ಅದಕ್ಕೆ 720ಪಿ, 10 ಎಂಬಿಪಿಎಸ್ ಸಾಕು, ಸುಮ್ನೆ ಜಾಸ್ತಿ ಕಳಿಸಿ ಲಾಭವಿಲ್ಲ. 4ಕೆ ಟಿವಿ ಇದೆ ಎಂದು ಮೊದಲ ದಿನವೇ 4ಕೆ ಹಾಕಬೇಡಿ. ಎಂಟು-ಹತ್ತು ಅಡಿ ದೂರದ ಸೋಫಾದಿಂದ ಒಳ್ಳೆಯ 1080ಪಿ ಚಿತ್ರವೇ ಬೇಕಾದಷ್ಟಾಯಿತು. ವಿಡಿಯೋ ಕುಗ್ಗಿಸುವ ವಿಧಾನಗಳಲ್ಲಿ ಎಚ್‌ಇವಿಸಿ ಆಯ್ಕೆ ಇದ್ದರೆ ಅದನ್ನು ಆರಿಸಿ. ಅಷ್ಟೇ ಬಿಟ್‌ರೇಟ್‌ನಲ್ಲಿ ಎಚ್.264ಗಿಂತ ಚೊಕ್ಕ ಚಿತ್ರ ಕೊಡುತ್ತದೆ.

ಮೂಲೆಯ ನಂಬರ್‌ಗಳನ್ನು ಓದುವುದು

ಮೂನ್‌ಲೈಟ್ ಸೆಟ್ಟಿಂಗ್‌ನಲ್ಲಿ ಆಡುವಾಗ ಅಂಕಿಅಂಶ ತೋರಿಸುವ ಆಯ್ಕೆ ಇದೆ. ಆನ್ ಮಾಡಿ. ಪರದೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ನಾಲ್ಕಾರು ಸಾಲು ಬರುತ್ತವೆ. ಡಾಕ್ಟರು ರಕ್ತದ ರಿಪೋರ್ಟ್ ನೋಡುವ ಹಾಗೆ ಇದನ್ನು ನೋಡಬೇಕು. ಯಾವ ಅಂಗ ಕೆಟ್ಟಿದೆ ಎಂದು ಇದೇ ಹೇಳುತ್ತದೆ.

ಹೋಸ್ಟ್ ಪ್ರೊಸೆಸಿಂಗ್ ಎಂಬ ಸಾಲು ಪಿಸಿಯದು. 5-6 ಮಿಲಿಸೆಕೆಂಡ್ ಇದ್ದರೆ ಚೆನ್ನ. 15-20ಕ್ಕೆ ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡ್ ಗೇಮ್‌ಗೇ ಪೂರ್ತಿ ಸುಸ್ತಾಗಿದೆ, ಫ್ರೇಮ್ ಕಳಿಸಲು ಬಿಡುವಿಲ್ಲ. ಬಹಳ ಜನ ಇಲ್ಲಿ ಎಡವುತ್ತಾರೆ. ಗೇಮ್ 110 ಎಫ್‌ಪಿಎಸ್‌ನಲ್ಲಿ ಓಡುತ್ತಿದೆ ಎಂದು ಹಿಗ್ಗುತ್ತಾರೆ. ಟಿವಿಗೆ ಹೋಗುವುದು 60 ಮಾತ್ರ. ಗೇಮ್ ಸೆಟ್ಟಿಂಗ್‌ನಲ್ಲೇ 60ಕ್ಕೆ ಮಿತಿ ಹಾಕಿ. ಕಾರ್ಡ್‌ಗೆ ಉಸಿರಾಡಲು ಜಾಗ ಸಿಗುತ್ತದೆ, ಮೇಲಿನ ರೂಮೂ ಸ್ವಲ್ಪ ತಣ್ಣಗಿರುತ್ತದೆ.

ನೆಟ್‌ವರ್ಕ್ ಲೇಟೆನ್ಸಿ ಸಾಲಿನಲ್ಲಿ 5ರ ಒಳಗಿದ್ದರೆ ಸಂತೋಷ. ಪಕ್ಕದ ವೇರಿಯನ್ಸ್ ಅಂಕಿ ಇನ್ನೂ ಮುಖ್ಯ. ಅದು ದೊಡ್ಡದಾದಷ್ಟೂ ಫ್ರೇಮ್‌ಗಳು ಸಿಟಿ ಬಸ್‌ಗಳಂತೆ ಬರುತ್ತಿವೆ ಎಂದರ್ಥ: ಹತ್ತು ನಿಮಿಷ ಒಂದೂ ಇಲ್ಲ, ಆಮೇಲೆ ಮೂರು ಒಟ್ಟಿಗೆ. ನೆಟ್‌ವರ್ಕ್‌ನಲ್ಲಿ ಕಳೆದುಹೋದ ಫ್ರೇಮ್‌ಗಳ ಶೇಕಡಾವಾರು ಸೊನ್ನೆ ಇರಬೇಕು. 1 ದಾಟಿದರೆ ಬಿಟ್‌ರೇಟ್ ಇಳಿಸಿ ನೋಡಿ. ಇಳಿಸಿದರೂ ಸರಿಹೋಗದಿದ್ದರೆ ಮತ್ತೆ ಕೇಬಲ್ ಭಾಗಕ್ಕೆ ಹೋಗಿ.

ಡಿಕೋಡಿಂಗ್ ಟೈಮ್, ಅಂದರೆ ಬಂದ ವಿಡಿಯೋ ಬಿಡಿಸಲು ಹಿಡಿಯುವ ಸಮಯ, ಟಿವಿಯ ಅಥವಾ ಸ್ಟಿಕ್‌ನ ಕೆಲಸ. 10 ಒಳಗಿದ್ದರೆ ಬಹಳ ಒಳ್ಳೆಯದು, 15-16 ಆದರೂ ನಡೆಯುತ್ತದೆ. 30, 40 ಬರುತ್ತಿದ್ದರೆ ಚಿಪ್ ಏದುಸಿರು ಬಿಡುತ್ತಿದೆ. ಎಚ್‌ಇವಿಸಿ ಇದ್ದದ್ದನ್ನು ಎಚ್.264 ಮಾಡಿ, ಅಥವಾ ತಿರುಗಾಮುರುಗಾ ಮಾಡಿ, ರೆಸಲ್ಯೂಶನ್ ಇಳಿಸಿ. ಆದರೂ ಇಳಿಯದಿದ್ದರೆ ಹೊಸ ಸ್ಟಿಕ್ ಕೊಳ್ಳಲು ಈಗ ಕಾರಣ ಸಿಕ್ಕಿತು. ಈ ಸಾಲು ನೋಡದೆ ಕೊಳ್ಳಬೇಡಿ.

ಟಿವಿ ಮಾಡುವ ಕಿತಾಪತಿ

ಮೇಲಿನ ನಂಬರ್‌ಗಳೆಲ್ಲ ಚೆನ್ನಾಗಿವೆ, ಆದರೂ ಆಟ ಎಮ್ಮೆಯ ಹಾಗೆ ಎಳೆಯುತ್ತಿದೆ. ಆಗ ಟಿವಿಯ ಪಿಕ್ಚರ್ ಮೋಡ್ ನೋಡಿ. ಸಿನಿಮಾ ಅಥವಾ ವಿವಿಡ್ ಮೋಡ್‌ನಲ್ಲಿ ಟಿವಿ ಚಿತ್ರಕ್ಕೆ ಮೇಕಪ್ ಮಾಡುತ್ತಾ ಕೂರುತ್ತದೆ. ಕೆಲವು ಟಿವಿಗಳಲ್ಲಿ ಇದೊಂದೇ 100 ಮಿಲಿಸೆಕೆಂಡ್ ತಿನ್ನುತ್ತದೆ. ಮೂನ್‌ಲೈಟ್‌ನ ಲೆಕ್ಕಕ್ಕೆ ಇದು ಬರುವುದೇ ಇಲ್ಲ. ಗೇಮ್ ಮೋಡ್ ಹಾಕಿ, ಮೋಷನ್ ಸ್ಮೂದಿಂಗ್ (ಚಲನೆಯನ್ನು ನಯ ಮಾಡುವ ಆಯ್ಕೆ) ತೆಗೆಯಿರಿ. ಎಚ್‌ಡಿಎಂಐ ಪೋರ್ಟ್ ಒಂದೊಂದಕ್ಕೂ ಬೇರೆ ಸೆಟ್ಟಿಂಗ್ ಇರುವುದುಂಟು, ಸ್ಟಿಕ್ ಇರುವ ಪೋರ್ಟ್‌ಗೇ ಹಾಕಿದ್ದೀರಾ ನೋಡಿಕೊಳ್ಳಿ.

ಇನ್ನೊಂದು ನಮ್ಮ ಕಡೆ ಕಾಣುವ ರೋಗ: ಸ್ಟಿಕ್ ಅಥವಾ ಬಾಕ್ಸ್ 50 ಹರ್ಟ್ಸ್‌ನಲ್ಲಿ ಕೂತಿರುವುದು. ಸೆಕೆಂಡಿಗೆ 60 ಫ್ರೇಮ್ ಬರುತ್ತವೆ, ಟಿವಿ 50 ತೋರಿಸುತ್ತದೆ. ಹತ್ತು ಚಿತ್ರ ಬಿದ್ದುಹೋಗುತ್ತವೆ. ಕ್ಯಾಮೆರಾ ಮೆಲ್ಲಗೆ ತಿರುಗಿಸಿದಾಗ ಸಣ್ಣದಾಗಿ ತಡವರಿಸಿದ ಹಾಗೆ ಕಾಣುತ್ತದೆ. ಸ್ಟಿಕ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಆಟೋ ತೆಗೆದು 1080ಪಿ 60 ಹರ್ಟ್ಸ್ ಎಂದು ಖಚಿತ ಮಾಡಿ. ಚಿತ್ರದ ಅಂಚು ಕತ್ತರಿಸಿದಂತಿದ್ದರೆ ಟಿವಿಯ ಆಸ್ಪೆಕ್ಟ್ ಸೆಟ್ಟಿಂಗ್‌ನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಎಂಬುದನ್ನು ಹುಡುಕಿ.

ಗೇಮ್‌ನ ಅಕ್ಷರ ಸೋಫಾದಿಂದ ಓದಲು ಆಗದಿದ್ದರೆ ಗೇಮ್‌ನಲ್ಲೇ ಯುಐ ಸ್ಕೇಲ್, ಸಬ್‌ಟೈಟಲ್ ಗಾತ್ರ ಹೆಚ್ಚಿಸಿ.

ಕಂಟ್ರೋಲರ್

ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ ಕಂಟ್ರೋಲರ್‌ಗಳು ಬ್ಲೂಟೂತ್ ಮೂಲಕ ಟಿವಿಗೆ ಸೇರುತ್ತವೆ. ಡಾಂಗಲ್ ಜೊತೆ ಬರುವ ಅಗ್ಗದ ಕಂಟ್ರೋಲರ್‌ಗಳೂ ಆಗುತ್ತವೆ. ಡಾಂಗಲನ್ನು ಟಿವಿಯ ಯುಎಸ್‌ಬಿಗೆ ಹಾಕಿ, ಎಕ್ಸ್-ಇನ್‌ಪುಟ್ (ಎಕ್ಸ್‌ಬಾಕ್ಸ್ ಕಂಟ್ರೋಲರ್‌ನ ರೀತಿ) ಮೋಡ್‌ನಲ್ಲಿಡಿ. ಬಟನ್ ಅದಲುಬದಲಾಗಿದ್ದರೆ ಅದು ಡಿ-ಇನ್‌ಪುಟ್ ಎಂಬ ಹಳೆಯ ಮೋಡ್‌ನಲ್ಲಿದೆ ಎಂದು ಅರ್ಥ. ಬಹಳ ಕಂಟ್ರೋಲರ್‌ಗಳಲ್ಲಿ ನಡುವಿನ ಬಟನ್ ಕೆಲವು ಸೆಕೆಂಡ್ ಹಿಡಿದರೆ ಮೋಡ್ ಬದಲಾಗುತ್ತದೆ.

ಆಂಡ್ರಾಯ್ಡ್ ಮೂನ್‌ಲೈಟ್‌ನಲ್ಲಿ ಸ್ಟಾರ್ಟ್ ಬಟನ್ ಒತ್ತಿ ಹಿಡಿದರೆ ಕಂಟ್ರೋಲರ್ ಮೌಸ್ ಆಗುತ್ತದೆ. ಸೋಫಾ ಬಿಟ್ಟೇಳದೆ ವಿಂಡೋಸ್‌ನ ಒಂದು ಓಕೆ ಒತ್ತಲು ಇದು ಸಾಕು. ಅಕ್ಷರ ಟೈಪ್ ಮಾಡಬೇಕಾದರೆ ಟಚ್‌ಪ್ಯಾಡ್ ಇರುವ ಪುಟ್ಟ ವೈರ್‌ಲೆಸ್ ಕೀಬೋರ್ಡ್ ಒಂದು ಟಿವಿ ಸ್ಟ್ಯಾಂಡ್ ಮೇಲಿರಲಿ.

ಮೇಲೆ ಹತ್ತದೆ ಪಿಸಿ ಎಬ್ಬಿಸುವುದು, ಮಲಗಿಸುವುದು

ಇಷ್ಟೆಲ್ಲ ಮಾಡಿ, ಪಿಸಿ ಆನ್ ಮಾಡಲು ಮೆಟ್ಟಿಲು ಹತ್ತಿದರೆ ಏನು ಸೊಗಸು? ವೇಕ್ ಆನ್ ಲ್ಯಾನ್ ಎಂಬುದು ಇದಕ್ಕೇ ಇರುವುದು. ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಬರುವ ಪಿಸಿಯ ಮೂಲ ಸೆಟ್ಟಿಂಗ್) ಅದನ್ನು ಆನ್ ಮಾಡಿ. ವಿಂಡೋಸ್ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡ್‌ನ ಪವರ್ ಮ್ಯಾನೇಜ್‌ಮೆಂಟ್ ತೆರೆದು ಪಿಸಿ ಎಬ್ಬಿಸಲು ಅನುಮತಿ ಕೊಡಿ. ಅದರ ಕೆಳಗೇ ಮ್ಯಾಜಿಕ್ ಪ್ಯಾಕೆಟ್ (ಎಬ್ಬಿಸಲೆಂದೇ ಕಳಿಸುವ ಸಂದೇಶ) ಬಂದಾಗ ಮಾತ್ರ ಎಂಬ ಟಿಕ್ ಇದೆ, ಅದನ್ನೂ ಹಾಕಿ. ನಾನು ಮರೆತಿದ್ದೆ. ರಾತ್ರಿ ಎರಡು ಗಂಟೆಗೆ ಮಹಡಿಯಲ್ಲಿ ಫ್ಯಾನ್ ಗುಂಯ್ ಎನ್ನುವುದು ಕೇಳಿ ಅಮ್ಮ ಎದ್ದು ಕೂತಿದ್ದರು. ಪೂರ್ತಿ ಷಟ್‌ಡೌನ್ ಆದ ಪಿಸಿ ಏಳದಿದ್ದರೆ ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದು ನೋಡಿ. ಸ್ಲೀಪ್‌ನಿಂದ ಎಬ್ಬಿಸುವುದು ಯಾವಾಗಲೂ ಸುಲಭ. ಇದೂ ಕೇಬಲ್ ಇದ್ದರೇ ನಂಬಿಕೆಗೆ ಅರ್ಹ, ವೈಫೈ ಪಿಸಿಗಳಲ್ಲಿ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಮಾನಿಟರ್ ಆಫ್ ಮಾಡಿದಾಗ ಟಿವಿಯಲ್ಲಿ ಕಪ್ಪು ಪರದೆ ಬರುತ್ತದೆಯೇ? ಪರದೆಯೇ ಇಲ್ಲ ಎಂದು ಕಾರ್ಡ್ ತಿಳಿದಿದೆ. ಡಿಸ್‌ಪ್ಲೇ ಪೋರ್ಟ್ ಮಾನಿಟರ್‌ಗಳಲ್ಲಿ ಹೀಗಾಗುವುದು ಜಾಸ್ತಿ. ಡಮ್ಮಿ ಪ್ಲಗ್ ಎಂಬ ಹೆಬ್ಬೆರಳಿನ ತುದಿಯಷ್ಟು ದೊಡ್ಡ ಎಚ್‌ಡಿಎಂಐ ಮುಚ್ಚಳ ಸಿಗುತ್ತದೆ. ಕಾರ್ಡ್‌ನ ಖಾಲಿ ಪೋರ್ಟ್‌ಗೆ ಸಿಕ್ಕಿಸಿದರೆ ಅಲ್ಲೊಂದು ಮಾನಿಟರ್ ಇದೆ ಎಂದು ಅದು ನಂಬುತ್ತದೆ.

ಎದ್ದ ಪಿಸಿ ಲಾಕ್ ಪರದೆಯಲ್ಲಿ ನಿಂತರೆ ಸನ್‌ಶೈನ್ ಆ ಪರದೆಯನ್ನೂ ಟಿವಿಗೆ ಕಳಿಸುತ್ತದೆ, ಪುಟ್ಟ ಕೀಬೋರ್ಡ್‌ನಿಂದ ಪಿನ್ ಹೊಡೆಯಿರಿ. ಸ್ಲೀಪ್‌ನಿಂದ ಎದ್ದಾಗ ಪಿನ್ ಕೇಳದಂತೆಯೂ ವಿಂಡೋಸ್‌ನಲ್ಲಿ ಮಾಡಬಹುದು. ಆಫೀಸ್ ಕೆಲಸವೂ ಅದೇ ಪಿಸಿಯಲ್ಲಿದ್ದರೆ ಹಾಗೆ ಮಾಡಬೇಡಿ.

ಆಟ ಮುಗಿದಾಗ ಕಂಟ್ರೋಲರ್‌ನಲ್ಲಿ ಸ್ಟಾರ್ಟ್, ಸೆಲೆಕ್ಟ್, ಎಲ್1, ಆರ್1 ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಮೂನ್‌ಲೈಟ್‌ನಿಂದ ಹೊರಗೆ ಬರುತ್ತೀರಿ. ಟಿವಿ ಆಫ್ ಮಾಡಿ ಮಲಗಿಬಿಡಬೇಡಿ. ನೀವು ಹೊರಬಂದಿದ್ದೀರಿ, ಗೇಮ್ ಹೊರಬಂದಿಲ್ಲ. ಅದು ಮೇಲೆ ಬೆಳಗಿನವರೆಗೂ ಓಡುತ್ತಲೇ ಇರುತ್ತದೆ, ಕರೆಂಟ್ ಮೀಟರೂ ಓಡುತ್ತದೆ. ಗೇಮ್‌ನಲ್ಲಿ ಸೇವ್ ಮಾಡಿ, ಗೇಮ್‌ನಿಂದಲೇ ಹೊರಬನ್ನಿ. ಆಮೇಲೆ ಡೆಸ್ಕ್‌ಟಾಪ್ ತೆರೆದು ಸ್ಟಾರ್ಟ್ ಬಟನ್ ಹಿಡಿದು ಮೌಸ್ ಮಾಡಿಕೊಂಡು, ವಿಂಡೋಸ್‌ನ ಪವರ್ ಮೆನುವಿನಲ್ಲಿ ಸ್ಲೀಪ್ ಒತ್ತಿ. ಟಿವಿಯಲ್ಲಿ ಸಂಪರ್ಕ ಕಡಿದುಹೋಯಿತು ಎಂಬ ಸಂದೇಶ ಬಂದರೆ ಪಿಸಿ ಮಲಗಿತು.